ಕಸವೆಂದು ಕರೆದರೂ ಅದೇ ಕೂಸಿನ ಕಾವಲು
ತವರಿಗೆ ಹೊರಟ ಗರ್ಭಿಣಿಯರು ಮರೆಯಬಾರದ ಫೈಲು

ಚೆನ್ನೈ: ಈ ನಗರದ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಗರ್ಭಿಣಿಯರ ಕಿವಿಗೆ ಆಗಾಗ ಬೀಳುವ ತಮಿಳು ಪದ ‘ನಂಜುಕ್ಕೊಡಿ’. ಅದು ಮೇಲಿದೆ, ತೊಂದರೆಯಿಲ್ಲ ಎಂದು ವೈದ್ಯರು ಸಮಾಧಾನವಾಗಿಯೇ ಹೇಳಿರುತ್ತಾರೆ. ಆದರೆ ಊರಿನಿಂದ ಹೊಸದಾಗಿ ಬಂದ ಕನ್ನಡದ ಸೊಸೆಗೆ ಅದರಲ್ಲಿ ಕೇಳಿಸುವುದು ‘ನಂಜು’ ಒಂದೇ. ಹೊಟ್ಟೆಯೊಳಗೆ ನಂಜು ಎಂದರೆ ಯಾರಿಗೆ ತಾನೇ ಗಾಬರಿಯಾಗದು?

ಗಾಬರಿಗೆ ಕಾರಣವಿಲ್ಲ. ಕನ್ನಡದಲ್ಲಿ ಮಾಸು ಎನ್ನುವುದೇ ತಮಿಳಿನ ನಂಜುಕ್ಕೊಡಿ. ಪಠ್ಯಪುಸ್ತಕದಲ್ಲಿ ಅದು ಜರಾಯು, ಡಾಕ್ಟರರ ಬಾಯಲ್ಲಿ ಪ್ಲಸೆಂಟಾ. ಕೆಲವು ಕಡೆ ‘ಕಸ’ ಎಂದೇ ಕರೆಯುವುದುಂಟು. ಹಿಂದೆ ಹಿತ್ತಲಲ್ಲಿ ಹೂಳುತ್ತಿದ್ದರು, ಈಗ ಆಸ್ಪತ್ರೆಯ ಹಳದಿ ಚೀಲ ಸೇರುತ್ತದೆ. ಮಗುವಿನ ಮುಖ ನೋಡುವ ಸಂಭ್ರಮದಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮಗು ಬೆಳೆಯುವುದೂ ತಾಯಿ ಕ್ಷೇಮವಾಗಿರುವುದೂ ಬಹುಮಟ್ಟಿಗೆ ಈ ‘ಕಸ’ವನ್ನೇ ನಂಬಿಕೊಂಡಿವೆ.

ಒಂಬತ್ತು ತಿಂಗಳ ದುಡಿಮೆ

ಬಸಿರು ನಿಂತಿದೆಯೇ ಎಂದು ಮನೆಯಲ್ಲೇ ನೋಡುವ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿಸುವ ಹಾರ್ಮೋನು ಮುಂದೆ ಮಾಸಾಗಲಿರುವ ಕಣಗಳಿಂದಲೇ ಬರುತ್ತದೆ. ಹೀಗೆ ತಾಯಿಗೆ ಮೊದಲ ಸುದ್ದಿ ತಲುಪಿಸುವುದೇ ಮಾಸು. ತಿಂಗಳು ತುಂಬುವ ಹೊತ್ತಿಗೆ ಅದು ಸುಮಾರು ಅರ್ಧ ಕಿಲೋ ತೂಗುತ್ತದೆ, ಊಟದ ತಟ್ಟೆಯಷ್ಟು ಅಗಲವಾಗಿರುತ್ತದೆ. ಒಂದು ಬದಿ ಗರ್ಭಕೋಶದ ಗೋಡೆಗೆ ಅಂಟಿಕೊಂಡಿದ್ದರೆ ಇನ್ನೊಂದು ಬದಿಯಿಂದ ಹೊಕ್ಕುಳ ಬಳ್ಳಿ ಹೊರಡುತ್ತದೆ. ಆ ಬಳ್ಳಿ ಸಾಮಾನ್ಯವಾಗಿ ಅರ್ಧ ಮೀಟರಿನಷ್ಟು ಉದ್ದ. ಅದರೊಳಗೆ ಮೂರು ರಕ್ತನಾಳಗಳು.

ತಾಯಿಯ ರಕ್ತವೇ ನೇರವಾಗಿ ಮಗುವಿನ ಮೈಗೆ ಹರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಎರಡೂ ರಕ್ತ ಸಾಮಾನ್ಯವಾಗಿ ಬೆರೆಯುವುದಿಲ್ಲ. ಮಾಸಿನೊಳಗೆ ಬೇರಿನ ಎಳೆಗಳಂತಹ ಕವಲುಗಳಿದ್ದು, ಅವುಗಳೊಳಗೆ ಮಗುವಿನ ರಕ್ತ ಹರಿಯುತ್ತದೆ, ಸುತ್ತಲೂ ತಾಯಿಯ ರಕ್ತ ತುಂಬಿರುತ್ತದೆ. ಈ ಎಳೆಗಳನ್ನೆಲ್ಲ ಬಿಡಿಸಿ ಹರಡಿದರೆ ಹತ್ತು ಚದರ ಮೀಟರಿಗೂ ಮಿಕ್ಕಿದ ಜಾಗವಾಗುತ್ತದೆ. ನಡುವಿನ ತೆಳು ಪೊರೆಯನ್ನು ದಾಟಿ ಆಮ್ಲಜನಕ, ಸಕ್ಕರೆ, ಪ್ರೋಟೀನಿನ ಅಂಶಗಳು, ಕಬ್ಬಿಣ, ಸುಣ್ಣದಂಶ ಎಲ್ಲವೂ ಮಗುವಿಗೆ ಸಿಗುತ್ತವೆ. ಮಗುವಿನ ಇಂಗಾಲಾಮ್ಲ ಮತ್ತು ಇತರ ಕಲ್ಮಶ ಅದೇ ದಾರಿಯಲ್ಲಿ ಹೊರಬೀಳುತ್ತದೆ. ತಾಯಿ ಹಾಕಿಸಿಕೊಂಡ ಧನುರ್ವಾಯು ಚುಚ್ಚುಮದ್ದಿನ ರಕ್ಷಣೆಯೂ ಮಗುವಿಗೆ ದಾಟುವುದು ಇಲ್ಲಿಂದಲೇ. ಹುಟ್ಟುವವರೆಗೆ ಮಗುವಿಗೆ ಶ್ವಾಸಕೋಶ, ಜಠರ, ಮೂತ್ರಪಿಂಡ ಎಲ್ಲದರ ಕೆಲಸವನ್ನೂ ಮಾಸು ಮಾಡಿಕೊಡುತ್ತದೆ. ನಂಜನ್ನು ತಾನು ತೆಗೆದುಕೊಂಡು ಮಗುವನ್ನು ಉಳಿಸುವ ಅದು ನಂಜಲ್ಲ, ನಂಜುಂಡ ಎನ್ನಬಹುದು.

ಬೇರು ಸರಿಯಾಗಿ ಇಳಿಯದಿದ್ದರೆ

ಮೊದಲ ಐದು ತಿಂಗಳಲ್ಲಿ ಮಾಸಿನ ಕಣಗಳು ಗರ್ಭಕೋಶದ ಗೋಡೆಯೊಳಗೆ ಇಳಿದು ಅಲ್ಲಿನ ಕಿರಿದಾದ ರಕ್ತನಾಳಗಳನ್ನು ಅಗಲ ಮಾಡುತ್ತವೆ. ತಿಂಗಳು ತುಂಬಿದಾಗ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯಬೇಕಾದ ದಾರಿ ಅದು. ಈ ಕೆಲಸ ಅರ್ಧಕ್ಕೇ ನಿಂತರೆ ಎರಡು ತೊಂದರೆ ಬರಬಹುದು. ಮಗುವಿಗೆ ಬೇಕಾದಷ್ಟು ಆಹಾರ, ಆಮ್ಲಜನಕ ಸಿಗದೆ ಬೆಳವಣಿಗೆ ಕುಂಠಿತವಾಗುವುದು ಒಂದು. ತಾಯಿಯ ರಕ್ತದೊತ್ತಡ ಏರುವುದು ಇನ್ನೊಂದು. ಇಪ್ಪತ್ತು ವಾರಗಳ ನಂತರ ಬಿ.ಪಿ. 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಗರ್ಭಿಣಿ ನಂಜು ಎಂಬ ಹೆಸರಿದೆ. ನಿಜವಾದ ನಂಜು ಇದೇ. ಇದು ಉಲ್ಬಣಿಸಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಇಂತಹ ಸಂದರ್ಭದಲ್ಲಿ ಮನೆಯವರ ಮಾತು ಮೊದಲು ತಿರುಗುವುದು ಗರ್ಭಿಣಿಯ ಮೇಲೆಯೇ. ‘ಸರಿಯಾಗಿ ಊಟ ಮಾಡಲಿಲ್ಲ, ಅದಕ್ಕೇ ಮಗು ಸಣ್ಣದು’ ಎಂದು ಹಿರಿಯರು ಹೇಳಿಬಿಡುತ್ತಾರೆ. ಪೌಷ್ಟಿಕ ಆಹಾರ ಬೇಕು, ನಿಜ. ಆದರೆ ಮಾಸೇ ದುರ್ಬಲವಾಗಿದ್ದರೆ ಎರಡು ತುತ್ತು ಹೆಚ್ಚು ತಿಂದರೂ ಅದು ಮಗುವಿಗೆ ತಲುಪುವುದು ಕಷ್ಟ. ಅದು ಆಕೆಯ ತಪ್ಪಲ್ಲ. ಆಕೆಗೆ ಬೇಕಾದದ್ದು ದೂರಲ್ಲ, ತಪಾಸಣೆ.

ದುರ್ಬಲವಾದ ಮಾಸನ್ನು ಸರಿಪಡಿಸುವ ಔಷಧಿ ಇನ್ನೂ ಇಲ್ಲ. ಆದರೆ ಮುನ್ನೆಚ್ಚರಿಕೆ ಸಾಧ್ಯ. ಹಿಂದಿನ ಬಸಿರಿನಲ್ಲಿ ನಂಜು ಕಂಡಿದ್ದವರು, ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಅವಳಿ ಮಕ್ಕಳ ತಾಯಂದಿರು ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು. ಅಪಾಯ ಹೆಚ್ಚಿರುವವರಿಗೆ ಹದಿನಾರು ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡಿದರೆ ತಿಂಗಳು ತುಂಬುವ ಮೊದಲೇ ಕಾಡುವ ನಂಜು ಬಹಳಷ್ಟು ಕಡಿಮೆಯಾಗುತ್ತದೆ ಎಂಬುದು 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಿಂದ ಖಚಿತವಾಗಿದೆ. ಇದು ವೈದ್ಯರು ಬರೆದುಕೊಟ್ಟರೆ ಮಾತ್ರ ನುಂಗಬೇಕಾದ ಮಾತ್ರೆ. ಹೊಗೆಸೊಪ್ಪು, ಬೀಡಿ, ಸಿಗರೇಟು ಮಾಸಿನ ಶತ್ರುಗಳು. ಪಕ್ಕದಲ್ಲಿ ಕುಳಿತವರ ಹೊಗೆಯೂ ಅಷ್ಟೇ.

ಎಗ್ಮೋರಿನ ದಾರಿ

ಗರ್ಭಿಣಿ ನಂಜಿನ ಚಿಕಿತ್ಸೆಯ ಇತಿಹಾಸದಲ್ಲಿ ಚೆನ್ನೈಗೆ ಒಂದು ಸ್ಥಾನವಿದೆ. 1844ರಲ್ಲಿ ಆರಂಭವಾದ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯನ್ನು ಇಲ್ಲಿನ ಕನ್ನಡಿಗರಲ್ಲೂ ಅನೇಕರು ಬಲ್ಲರು. ಫಿಟ್ಸ್ ಬಂದ ತಾಯಂದಿರಿಗೆ ಮೂರು ಔಷಧಿಗಳನ್ನು ಸೇರಿಸಿ ಕೊಡುವ ವಿಧಾನವನ್ನು ಅಲ್ಲಿ ಡಾ. ಎಂ.ಕೆ. ಕೃಷ್ಣ ಮೆನನ್ ಬಳಕೆಗೆ ತಂದರು. 1961ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಅವರ ಲೇಖನ ಬಂದ ಮೇಲೆ ‘ಲೈಟಿಕ್ ಕಾಕ್‌ಟೇಲ್’ ಎಂಬ ಹೆಸರಿನಿಂದ ಅದು ಹಲವು ಕಡೆ ಹೆಸರಾಯಿತು.

ನಂತರ ಅದಕ್ಕಿಂತ ಉತ್ತಮ ಮದ್ದು ಸಿಕ್ಕಿತು. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಫಿಟ್ಸ್ ಮರುಕಳಿಸುವುದನ್ನು ಬೇರೆ ಔಷಧಿಗಳಿಗಿಂತ ಚೆನ್ನಾಗಿ ತಡೆಯುತ್ತದೆ ಎಂದು 1995ರ ಅಧ್ಯಯನವೂ, ಫಿಟ್ಸ್ ಬರುವ ಸಾಧ್ಯತೆಯನ್ನೇ ಅರ್ಧಕ್ಕಿಂತ ಕಡಿಮೆ ಮಾಡುತ್ತದೆ ಎಂದು 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ತಾಯಂದಿರನ್ನೊಳಗೊಂಡ 2002ರ ಅಧ್ಯಯನವೂ ತೋರಿಸಿಕೊಟ್ಟವು. ಇಂದು ಇದು ದುಬಾರಿ ಔಷಧಿಯೂ ಅಲ್ಲ. ಆದರೆ ಯಾವ ಮದ್ದಾದರೂ ಬಿ.ಪಿ. ಏರಿದ್ದು ಗೊತ್ತಾದರೆ ತಾನೆ ಕೊಡುವುದು? ಗೊತ್ತಾಗಬೇಕಾದರೆ ಅಳೆಯಬೇಕು, ಅಳೆದದ್ದನ್ನು ಬರೆದಿಡಬೇಕು.

ಮೈಸೂರಿನ ರಿಜಿಸ್ಟರ್

ಬರೆದಿಡುವುದರ ಬೆಲೆ ಏನೆಂದು ಜಗತ್ತಿಗೆ ತೋರಿಸಿದ್ದು ಕನ್ನಡನಾಡಿನದೇ ಒಂದು ಆಸ್ಪತ್ರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. ದಶಕಗಳ ನಂತರ ಇಂಗ್ಲೆಂಡಿನ ಸೌತಾಂಪ್ಟನ್ ವಿಜ್ಞಾನಿಗಳು ಮೈಸೂರಿನ ವೈದ್ಯರೊಂದಿಗೆ ಸೇರಿ ಆ ಮಕ್ಕಳನ್ನು ಹುಡುಕಿದರು. ಆಗ ಅವರೆಲ್ಲ ನಡುವಯಸ್ಸಿನವರು.

1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 517 ಮಂದಿ ಇದ್ದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಕಂಡುಬಂದರೆ, ಸುಮಾರು 3.1 ಕಿಲೋ ಮೇಲ್ಪಟ್ಟಿದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. ಅಲ್ಲಿಗೇ ನಿಲ್ಲದೆ, 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಗರ್ಭಿಣಿಯರನ್ನು ಸೇರಿಸಿಕೊಂಡು, ಮಾಸಿನ ಗಾತ್ರ, ಆಕಾರಗಳನ್ನೂ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಸಣ್ಣದಾಗಿ ಹುಟ್ಟಿದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ. ಗರ್ಭದಲ್ಲಿ ಸಿಕ್ಕ ಪೋಷಣೆಯ ಗುರುತು ಐವತ್ತು ವರ್ಷದ ನಂತರವೂ ಮೈಯಲ್ಲಿ ಉಳಿಯಬಹುದು ಎಂಬುದು ಇದರ ಸಾರ. ಅಂದು ತಕ್ಕಡಿ ನೋಡಿ ಅಂಕಿ ಬರೆದಿಟ್ಟ ದಾದಿಯರಿಗೆ ಇದರ ಅರಿವಿರಲಿಲ್ಲ.

ಸೀಮಂತದ ನಂತರದ ಕಂದಕ

ಚೆನ್ನೈ ಕನ್ನಡಿಗರ ಮನೆಗಳಿಗೆ ಈ ಮಾತು ಅನ್ವಯಿಸುವುದು ಇಲ್ಲೇ. ಮೊದಲ ಹೆರಿಗೆಗೆ ತವರಿಗೆ ಹೋಗುವುದು ಇಂದಿಗೂ ಉಳಿದಿರುವ ಪದ್ಧತಿ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು ಮಂಗಳೂರು ಮೇಲಿಗೋ ಮೈಸೂರಿನ ಕಾವೇರಿ ಎಕ್ಸ್‌ಪ್ರೆಸ್ಸಿಗೋ ಹತ್ತುತ್ತಾರೆ. ಬೆಂಗಳೂರಿಗೆ ಕೊಟ್ಟ ಇಲ್ಲಿನ ಮಗಳು ಚೆನ್ನೈಗೆ ಬರುವುದೂ ಉಂಟು. ಹೊಸ ಊರು, ಹೊಸ ಡಾಕ್ಟರು. ಹಳೆಯ ಕಾಗದಗಳು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತವೆ.

ಏಳು ತಿಂಗಳು ತುಂಬುವಾಗ ಮಗುವಿನ ತೂಕ ಹೆಚ್ಚುಕಡಿಮೆ ಒಂದು ಕಿಲೋ. ಹುಟ್ಟುವಾಗ ಇರುವ ತೂಕದ ಮೂರರಲ್ಲಿ ಎರಡು ಪಾಲು ಬರುವುದು ಆ ನಂತರದ ವಾರಗಳಲ್ಲಿ. ಅಂದರೆ ಮಾಸಿನ ಮೇಲೆ ಅತಿ ಹೆಚ್ಚು ಭಾರ ಬೀಳುವ ಹೊತ್ತಿನಲ್ಲೇ ತಪಾಸಣೆಯ ಸರಪಳಿ ತುಂಡಾಗುತ್ತದೆ. ಮೊದಲ ತಿಂಗಳುಗಳಲ್ಲಿ ಬಿ.ಪಿ. ಎಷ್ಟಿತ್ತು ಎಂದು ತಿಳಿಯದಿದ್ದರೆ ಈಗಿನದು ಏರಿದೆಯೇ ಎಂದು ಹೇಳುವುದು ಕಷ್ಟ. ಮೊದಲ ಸ್ಕ್ಯಾನಿನಲ್ಲಿ ನಿಗದಿಯಾದ ದಿನಾಂಕ ಗೊತ್ತಿಲ್ಲದಿದ್ದರೆ ಮಗು ಸಣ್ಣದೋ ವಾರಗಳೇ ಕಡಿಮೆಯೋ ತಿಳಿಯದು. ಹಳೆಯ ಪುಟಗಳಿಲ್ಲದ ಪಾಸ್‌ಬುಕ್ಕಿನಿಂದ ಖಾತೆಯ ಲೆಕ್ಕ ಹೇಳಲು ಬರುತ್ತದೆಯೇ?

ಆದ್ದರಿಂದ ಸೀರೆ, ಬಳೆಗಳ ಜೊತೆಗೆ ಫೈಲೂ ಪೆಟ್ಟಿಗೆ ಸೇರಲಿ. ಎಲ್ಲ ಸ್ಕ್ಯಾನ್ ವರದಿಗಳು, ಪ್ರತಿ ಭೇಟಿಯ ಬಿ.ಪಿ. ಮತ್ತು ತೂಕ, ರಕ್ತದ ಗುಂಪು, ಮೂತ್ರ, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಗಳ ಫಲಿತಾಂಶ, ನುಂಗುತ್ತಿರುವ ಮಾತ್ರೆಗಳ ಚೀಟಿ ಅದರಲ್ಲಿರಬೇಕು. ತಮಿಳುನಾಡಿನ ಪಿಕ್ಮಿ ನೋಂದಣಿ ಸಂಖ್ಯೆ, ಕರ್ನಾಟಕದ ತಾಯಿ ಕಾರ್ಡ್ ಕೂಡ ಇರಲಿ. ಫೋನಿನಲ್ಲಿ ಎಲ್ಲದರ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಪ್ರಯಾಣಕ್ಕೆ ಮುನ್ನ ವೈದ್ಯರ ಒಪ್ಪಿಗೆ ಪಡೆದು, ತವರು ಸೇರಿದ ವಾರದೊಳಗೆ ಅಲ್ಲಿ ತಪಾಸಣೆ ಮಾಡಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ವ್ಯವಸ್ಥೆ 2016ರಲ್ಲಿ ಆರಂಭವಾಗಿದೆ.

ಅಲ್ಲಿ ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಬಿ.ಪಿ., ಮೂತ್ರ, ತೂಕ, ಮತ್ತು ಟೇಪು ಹಿಡಿದು ಹೊಟ್ಟೆಯ ಅಳತೆ. ಇಪ್ಪತ್ತನಾಲ್ಕು ವಾರಗಳ ನಂತರ ಆ ಅಳತೆಯ ಸೆಂಟಿಮೀಟರು ಸುಮಾರಾಗಿ ವಾರಗಳ ಲೆಕ್ಕಕ್ಕೆ ಸರಿಹೊಂದುತ್ತದೆ. ಬಹಳ ಹಿಂದೆ ಬಿದ್ದರೆ ಡಾಪ್ಲರ್ ಸ್ಕ್ಯಾನ್ ಮಾಡಿ ಹೊಕ್ಕುಳ ಬಳ್ಳಿಯ ರಕ್ತದ ಹರಿವನ್ನು ನೋಡುತ್ತಾರೆ. ಹರಿವು ಕುಗ್ಗಿದ್ದರೆ ಮಗುವನ್ನು ಯಾವಾಗ ಹೊರತೆಗೆಯಬೇಕು ಎಂದು ತೀರ್ಮಾನಿಸುವುದೇ ಚಿಕಿತ್ಸೆ.

ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದವರಿಗೆ ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 45 ಹೆರಿಗೆಗಳು ಸಿಸೇರಿಯನ್. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆಯೇ ಕುಳಿತು ಆಳಕ್ಕೆ ಅಂಟಿಕೊಂಡರೆ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾಗಬಹುದು. ಆದ್ದರಿಂದ ಮಾಸು ಎಲ್ಲಿದೆ ಎಂದು ಸ್ಕ್ಯಾನ್ ಮಾಡುವವರನ್ನು ಕೇಳಿ ತಿಳಿಯಬೇಕು. ಐದನೆಯ ತಿಂಗಳಲ್ಲಿ ಕೆಳಗಿದೆ ಎಂದರೆ ಕಂಗೆಡಬೇಕಿಲ್ಲ. ಹೆಚ್ಚಿನವರಲ್ಲಿ ಗರ್ಭಕೋಶ ಬೆಳೆದಂತೆ ಅದು ಮೇಲಕ್ಕೆ ಸರಿಯುತ್ತದೆ.

ಇವು ಕಂಡರೆ ಕಾಯಬೇಡಿ

* ಮಗುವಿನ ಒದೆತ ಎಂದಿಗಿಂತ ಕಡಿಮೆಯಾದರೆ
* ಬಿಡದ ತಲೆನೋವು, ಕಣ್ಣು ಮಂಜಾಗುವುದು
* ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು
* ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು
* ರಕ್ತಸ್ರಾವ, ಅಥವಾ ಹೊಟ್ಟೆ ಕಲ್ಲಿನಂತೆ ಬಿಗಿಯಾಗಿ ನೋಯುವುದು
* ಫಿಟ್ಸ್

ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಎನ್ನದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ಎರಡೂ ರಾಜ್ಯಗಳಲ್ಲಿ ಆಂಬುಲೆನ್ಸ್ ಬರುತ್ತದೆ. ಹೆರಿಗೆಯಾದ ಮೇಲೂ ಕೆಲವು ದಿನ ನಂಜು ಕಾಣಿಸಿಕೊಳ್ಳಬಹುದಾದ್ದರಿಂದ ಬಾಣಂತಿಯ ಬಿ.ಪಿ. ನೋಡುವುದನ್ನೂ ಬಿಡಬಾರದು.

ನಗರದ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಯುಗಾದಿ, ರಾಜ್ಯೋತ್ಸವಗಳ ನಡುವೆ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಟ್ಟು, ಹೆರಿಗೆ ವೈದ್ಯರೊಬ್ಬರನ್ನು ಕರೆಸಿ ಕನ್ನಡದಲ್ಲೇ ಮಾತನಾಡಿಸಿದರೆ ಅನೇಕ ಮನೆಗಳಿಗೆ ಉಪಕಾರವಾಗುತ್ತದೆ. ಸೊಸೆಯಂದಿರ ಜೊತೆ ಅತ್ತೆಯಂದಿರೂ, ಮುಖ್ಯವಾಗಿ ಫೈಲು ಹಿಡಿದುಕೊಂಡು ಹೋಗಬೇಕಾದ ಗಂಡಂದಿರೂ ಅಲ್ಲಿರಲಿ. ಸೀಮಂತಕ್ಕೆ ಹೋದ ಹಿರಿಯರು ಅಕ್ಷತೆ ಹಾಕುವ ಮುನ್ನ ‘ನಿನ್ನ ಕಾಗದಗಳೆಲ್ಲ ತೆಗೆದುಕೊಂಡೆಯಾ ಮಗಳೇ?’ ಎಂದು ಒಂದು ಮಾತು ಕೇಳಿದರೆ ಅದೇ ದೊಡ್ಡ ಆಶೀರ್ವಾದ.