ಹತ್ತಿದ್ದಕ್ಕಲ್ಲ, ಇಳಿದಿದ್ದಕ್ಕೆ ಈ ಕಾಲುನೋವು!

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರದೆಂಟು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹರಕೆಯನ್ನು ನಿಮ್ಮಲ್ಲೂ ಎಷ್ಟೋ ಜನ ಹೊತ್ತಿರಬಹುದು. ಮಗಳಿಗೆ ಸುಸೂತ್ರವಾಗಿ ಹೆರಿಗೆಯಾದರೆ ಪ್ರತಿ ವರ್ಷ ಹತ್ತುತ್ತೇನೆಂದು ನಾನೂ ಹೊತ್ತಿದ್ದೆ. 2023ರಲ್ಲಿ ಮೊದಲ ಸಲ ಹೋದೆ. ಹತ್ತುವಾಗ ಏದುಸಿರು ಬಂತು, ಬೆವರು ಸುರಿಯಿತು, ಆದರೂ ದರ್ಶನ ಚೆನ್ನಾಗಿ ಆಯಿತು. ಬಸ್ಸಿಗೆ ನೋಡಿದರೆ ಹನುಮಂತನ ಬಾಲದಂಥ ಸಾಲು. “ಹತ್ತಿದವಳಿಗೆ ಇಳಿಯೋದೇನು ಮಹಾ!” ಎಂದು ಮೆಟ್ಟಿಲ ಮೇಲೇ ದಡದಡನೆ ಇಳಿದುಬಿಟ್ಟೆ. ಕೆಳಗೆ ಬರುವಷ್ಟರಲ್ಲಿ ತೊಡೆ ಗಡಗಡ ನಡುಗುತ್ತಿತ್ತು. ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಆ ರಾತ್ರಿ ಏನೂ ಇಲ್ಲ. ಮಾರನೇ ದಿನ ಸ್ವಲ್ಪ ಬಿಗಿತ. ಮೂರನೇ ದಿನ ಬೆಳಿಗ್ಗೆ ಈಳಿಗೆಮಣೆ ಮುಂದೆ ಕೂತವಳು ಏಳಲಾರದೆ “ರೀ, ಸ್ವಲ್ಪ ಬನ್ನಿ” ಅಂತ ನಮ್ಮ ಮನೆಯವರನ್ನು ಕೂಗಬೇಕಾಯಿತು! ಪಾಯಿಖಾನೆಯ ಕಷ್ಟವನ್ನಂತೂ ಬರೆಯುವುದು ಬೇಡ, ನಿಮಗೇ ಗೊತ್ತಾಗುತ್ತೆ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, “ನಲವತ್ತೈದು ದಾಟ್ತಲ್ಲೇ, ಇನ್ನು ಬೆಟ್ಟದ ಆಸೆ ಬಿಡು, ಕೆಳಗಿಂದಲೇ ಕೈಮುಗಿ” ಅಂದರು. ನೋವು ಐದಾರು ದಿನದಲ್ಲಿ ಹೋಯಿತು, ಆ ಮಾತು ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಸಂಜೆ ನಡೆಯುವುದನ್ನೂ ಬಿಟ್ಟೆ. ಬಟ್ಟೆ ಒಣಗಿಹಾಕಲು ತಾರಸಿಗೆ ಮಗನನ್ನು ಕಳಿಸತೊಡಗಿದೆ. 2024ರ ಆಷಾಢದಲ್ಲಿ ಬೆಟ್ಟದ ಮಾತೇ ಎತ್ತಲಿಲ್ಲ. ಹರಕೆ ತಪ್ಪಿತಲ್ಲ ಎಂಬ ಕೊರಗು ಬೇರೆ.

ಮುಂದೆ ಬಿ.ಪಿ. ತೋರಿಸಲು ಹೋದಾಗ ನಮ್ಮೂರ ಡಾಕ್ಟರಮ್ಮನ ಹತ್ತಿರ ಬಾಯಿಬಿಟ್ಟೆ. ಅವರು ನಕ್ಕುಬಿಟ್ಟರು. “ಇದು ವಯಸ್ಸಿನ ಕಾಯಿಲೆ ಅಲ್ಲಮ್ಮ. ಅಭ್ಯಾಸವಿಲ್ಲದೆ ಇಳಿದರೆ ಇಪ್ಪತ್ತರ ಹುಡುಗನಿಗೂ ಹೀಗೇ.”

ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ತುಂಬಿದ ಕೊಡವನ್ನು ಹಗ್ಗ ಕಟ್ಟಿ ಮೇಲಿಂದ ಮೆಲ್ಲಗೆ ಕೆಳಗೆ ಬಿಟ್ಟಿದ್ದೀರಾ? ಹಗ್ಗ ಜಾರುತ್ತಲೇ ಇರಬೇಕು, ಕೈ ಬಿಗಿಹಿಡಿದೇ ಇರಬೇಕು. ಇಳಿಯುವಾಗ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಪಾಡೂ ಇದೇ. ಹತ್ತುವಾಗ ಅದು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಮೈಭಾರವನ್ನೆಲ್ಲ ಬ್ರೇಕಿನಂತೆ ತಡೆಯುತ್ತಲೇ ಉದ್ದಕ್ಕೆ ಎಳೆಸಿಕೊಳ್ಳುತ್ತದೆ. ಆಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಮೈ ಅವನ್ನು ರಿಪೇರಿ ಮಾಡುವಾಗ ಬಾವು, ನೋವು. ಅದಕ್ಕೇ ತಕ್ಷಣ ಬಾರದೆ ಒಂದು ದಿನ ತಡವಾಗಿ ಶುರುವಾಗಿ, ಎರಡು ಮೂರನೇ ದಿನ ಜೋರಾಗಿ, ವಾರದೊಳಗೆ ಇಳಿಯುತ್ತದೆ. ಆಮ್ಲ ಸೇರಿಕೊಂಡು ನೋವು ಬರುತ್ತದೆ ಅನ್ನುತ್ತಾರಲ್ಲ, ಅದು ನಿಜವಲ್ಲವಂತೆ. ಆ ಆಮ್ಲ ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ.

ಇನ್ನೊಂದು ಸೋಜಿಗ ಕೇಳಿ. ಒಮ್ಮೆ ಹೀಗೆ ನೊಂದು ಸುಧಾರಿಸಿಕೊಂಡ ಸ್ನಾಯು ಕೆಲವು ವಾರಗಳವರೆಗೆ ಮತ್ತೆ ಅಷ್ಟು ನೋಯುವುದಿಲ್ಲ. ಅಂದರೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ಇಳಿದು ಅಭ್ಯಾಸ ಮಾಡಿಕೊಂಡರೆ ಬೆಟ್ಟದ ನೋವು ಕಡಿಮೆಯಾಗುತ್ತದೆ. 2025ರ ಆಷಾಢಕ್ಕೆ ಒಂದು ತಿಂಗಳು ಮೊದಲೇ ನಾನು ತಾರಸಿ ಮೆಟ್ಟಿಲು ಹಿಡಿದೆ. ದಿನ ಬಿಟ್ಟು ದಿನ, ಮೊದಲು ಐದು ಸಲ, ಆಮೇಲೆ ಎಂಟು, ಹತ್ತು. ಬಟ್ಟೆ ಬಕೀಟು ಮತ್ತೆ ನನ್ನ ಕೈಗೇ ಬಂತು ಅನ್ನಿ.

ಇಳಿಯುವ ಬಗೆಯೂ ಇದೆ. ಓಡಬೇಡಿ. ಮಂಡಿಯನ್ನು ಸೆಟೆದು ಕಾಲು ಊರದೆ ಸ್ವಲ್ಪ ಬಗ್ಗಿಸಿ, ಚಿಕ್ಕ ಹೆಜ್ಜೆ ಇಡಿ. ಎತ್ತರದ ಮೆಟ್ಟಿಲಿಗೆ ಅಡ್ಡ ತಿರುಗಿ ಇಳಿಯಿರಿ. ಕಂಬಿಯೋ ಕೋಲೋ ಸಿಕ್ಕರೆ ನಾಚಿಕೆ ಬೇಡ, ಹಿಡಿಯಿರಿ. ತೊಡೆ ನಡುಗತೊಡಗಿದರೆ ಕೂತುಬಿಡಿ. ಆಗಲೇ ಕಾಲು ಜಾರುವುದು.

ನೋವು ಬಂದೇ ಬಂದರೆ ಹಾಸಿಗೆ ಹಿಡಿಯಬೇಡಿ. ಮನೆಯೊಳಗೇ ಮೆಲ್ಲಗೆ ಓಡಾಡಿ, ಬಿಸಿನೀರು ಹುಯ್ದುಕೊಳ್ಳಿ, ಎಳ್ಳೆಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಳ್ಳಿ. ಗಟ್ಟಿಯಾಗಿ ತುಳಿಸಿಕೊಳ್ಳುವುದು ಮಾತ್ರ ಬೇಡ. ಬಿ.ಪಿ., ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಡಾಕ್ಟರನ್ನು ಕೇಳಿ. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಅವರಿಗೆ ತಿಳಿಸಿ. ಕೆಲವರಿಗೆ ಆ ಮಾತ್ರೆಯಿಂದಲೇ ಸ್ನಾಯು ನೋಯುತ್ತದೆ.

ಕೆಲವು ನೋವನ್ನು ಮಾತ್ರ ಬೆಟ್ಟದ್ದೇ ಎಂದು ಸುಮ್ಮನಿರಬಾರದು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಡಿಯ ಕೀಲೇ ಊದಿದರೆ, ಸಮತಟ್ಟಾದ ರಸ್ತೆಯಲ್ಲೂ ಸ್ವಲ್ಪ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುವುದಾದರೆ, ಅದು ಬೇರೆ ಕಾಯಿಲೆ, ತೋರಿಸಲೇಬೇಕು.

ಹೋದ ವರ್ಷ, ಅಂದರೆ 2025ರ ಆಷಾಢದಲ್ಲಿ ಹತ್ತಿದೆ, ನಂದಿಯ ಹತ್ತಿರ ಕೂತು ಸುಧಾರಿಸಿಕೊಂಡು ನಿಧಾನವಾಗಿ ಇಳಿದೆ. ಮೂರನೇ ದಿನ ತೊಡೆ ಚೂರು ಬಿಗಿದಿತ್ತು, ಅಷ್ಟೇ. ಈಳಿಗೆಮಣೆಯಿಂದ ನಾನೇ ಎದ್ದೆ. “ನನಗ್ಯಾಕೆ ನಿನ್ನ ತಾರಸಿ ಕಸರತ್ತು” ಎನ್ನುತ್ತಿದ್ದ ನಮ್ಮ ಮನೆಯವರು ಮಾತ್ರ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು.