ಬಿಲ್ಲೆಯ ಬೆನ್ನು ತಿರುಗಿಸಿ ನೋಡಿ

ಬ್ರಿಟಿಷರ ಕಾಲದ ಭಾರತೀಯ ಸೇನೆಯದೆಂದು ಮಾರಾಟಕ್ಕೆ ಬರುವ ಹಿತ್ತಾಳೆಯ ಟೋಪಿ ಬಿಲ್ಲೆಗಳಲ್ಲಿ ಕೆಲವನ್ನು ಕೈಗೆತ್ತಿಕೊಳ್ಳುವ ಮೊದಲೇ ನಕಲಿ ಎಂದು ಹೇಳಿಬಿಡಬಹುದು. ನೆತ್ತಿಯ ಮೇಲಿನ ಕಿರೀಟ ನೋಡಿದರೆ ಸಾಕು. ಅದರ ಕಮಾನುಗಳು ನಡುವೆ ತಗ್ಗಿದ್ದರೆ ಅದು ಸೇಂಟ್ ಎಡ್ವರ್ಡ್ ಕಿರೀಟ, ಎರಡನೆಯ ಎಲಿಜಬೆತ್ ರಾಣಿ ಆರಿಸಿಕೊಂಡದ್ದು. ಆಕೆ ಪಟ್ಟಕ್ಕೆ ಬಂದದ್ದು 1952ರ ಫೆಬ್ರುವರಿ 6ರಂದು. ಭಾರತ ಗಣರಾಜ್ಯವಾಗಿದ್ದು ಅದಕ್ಕೂ ಎರಡು ವರ್ಷ ಮೊದಲು, 1950ರ ಜನವರಿ 26ರಂದು. ಗಣರಾಜ್ಯದೊಂದಿಗೆ ನಮ್ಮ ಸೇನೆಯ ಲಾಂಛನಗಳಿಂದ ಕಿರೀಟ ಇಳಿಯಿತು, ಆ ಜಾಗಕ್ಕೆ ಅಶೋಕಸ್ತಂಭದ ಸಿಂಹಗಳು ಬಂದವು. ಆ ರಾಣಿಯ ಕಿರೀಟವನ್ನು ನಮ್ಮ ಸಿಪಾಯಿ ಧರಿಸುವ ಸಂದರ್ಭವೇ ಬರಲಿಲ್ಲ. ಆದರೂ ಅಂಥ ಬಿಲ್ಲೆಗಳು ತಯಾರಾಗುತ್ತವೆ, ಬಣ್ಣಗೆಡಿಸಿಕೊಂಡು ಹಳತಾಗುತ್ತವೆ, ಯಾರದೋ ಮುತ್ತಜ್ಜನ ಹೆಸರು ಹೊತ್ತು ಮಾರಾಟವಾಗುತ್ತವೆ.

ಬ್ರಿಟಿಷ್ ಪರಂಪರೆಯ ಯಾವ ಬಿಲ್ಲೆಗಾದರೂ, ಅದು ಸೇನೆಯದಿರಲಿ ಪೊಲೀಸರದಿರಲಿ, ಕಿರೀಟವೇ ಮೊದಲ ಪಂಚಾಂಗ. 1901ರಲ್ಲಿ ಏಳನೆಯ ಎಡ್ವರ್ಡ್ ಬಂದ ಮೇಲೆ ದುಂಡು ಕಮಾನಿನ ಟ್ಯೂಡರ್ ಕಿರೀಟ ರೂಢಿಗೆ ಬಂತು. ಆರನೆಯ ಜಾರ್ಜ್ ತೀರಿಕೊಳ್ಳುವವರೆಗೂ ಅದೇ ನಡೆಯಿತು. ಸಂಗ್ರಾಹಕರ ಮಾತಿನಲ್ಲಿ ಇದು 'ಕಿಂಗ್ಸ್ ಕ್ರೌನ್', ಎಲಿಜಬೆತ್ ಕಾಲದ್ದು 'ಕ್ವೀನ್ಸ್ ಕ್ರೌನ್'. ಅದಕ್ಕೂ ಹಿಂದಿನ ವಿಕ್ಟೋರಿಯಾ ಕಾಲದ ಕಿರೀಟದ ಬಾಗು ಬೇರೆಯೇ. ಅವಸರದಲ್ಲಿ ನೋಡುವವರು ಅದನ್ನು ಎಲಿಜಬೆತ್ ಕಿರೀಟವೆಂದು ಭಾವಿಸಿ ಅಸಲಿ ಮಾಲನ್ನೇ ಬದಿಗೆ ಸರಿಸುವುದುಂಟು. ಇಷ್ಟು ಗೊತ್ತಿದ್ದರೆ ಕಾಲ ಹೇಳಬಹುದು ಎಂದು ಎಪ್ಪತ್ತು ವರ್ಷ ನಂಬಿದ್ದ ಲೆಕ್ಕಾಚಾರ 2022ರಲ್ಲಿ ತುಸು ಅಲ್ಲಾಡಿತು. ಮೂರನೆಯ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡಿದ್ದಾರೆ. ಇನ್ನು ಮುಂದೆ ದುಂಡು ಕಮಾನು ಕಂಡ ಮಾತ್ರಕ್ಕೆ 1952ಕ್ಕಿಂತ ಹಳೆಯದು ಎನ್ನುವಂತಿಲ್ಲ.

ಹಾಗಾಗಿ ಮುಖಕ್ಕಿಂತ ಬೆನ್ನನ್ನು ನಂಬಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಕಲು ಮಾಡುವವನ ಶ್ರದ್ಧೆಯೆಲ್ಲ ಮುಂಭಾಗಕ್ಕೆ ಮೀಸಲು. ಹಿಂಭಾಗಕ್ಕೆ ಬರುವಷ್ಟರಲ್ಲಿ ಅವನ ತಾಳ್ಮೆ ಮುಗಿದಿರುತ್ತದೆ. ಸಿಪಾಯಿಗಳ ಹಳೆಯ ಬಿಲ್ಲೆಗಳು ಬಹುಪಾಲು ತಗಡನ್ನು ಉಕ್ಕಿನ ಅಚ್ಚಿನ ನಡುವೆ ಇಟ್ಟು ಒತ್ತಿ ಮಾಡಿದವು. ಮುಂದೆ ಎಲ್ಲಿ ಉಬ್ಬಿದೆಯೋ ಹಿಂದೆ ಅಲ್ಲಿ ತಗ್ಗಿರುತ್ತದೆ. ಅಕ್ಷರಗಳ ಅಂಚು ಚೂಪಾಗಿರುತ್ತದೆ, ಲೋಹ ನಯವಾಗಿ ಬಿಗಿಯಾಗಿರುತ್ತದೆ. ನಕಲಿಗಳಲ್ಲಿ ಹೆಚ್ಚಿನವು ಎರಕದವು. ಅಸಲಿ ಬಿಲ್ಲೆಯನ್ನೇ ಮಾದರಿಯಾಗಿಟ್ಟು ಪಡಿಯಚ್ಚು ತೆಗೆದು, ಕರಗಿದ ಲೋಹ ಸುರಿಯುತ್ತಾರೆ. ಲೋಹ ಆರುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದು, ಖಚಿತವಾಗಿ ಅಸಲಿಯಾದ ಇನ್ನೊಂದರ ಪಕ್ಕ ಅಳೆದರೆ ಈ ವ್ಯತ್ಯಾಸ ಸಿಕ್ಕುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಮರಳಿನಂಥ ಒರಟು ಕಾಣುತ್ತದೆ. ಚಿತ್ರದ ನಡುವೆ ಬೆಳಕು ಹಾಯುವ ಕಂಡಿಗಳಿದ್ದರೆ ಅವುಗಳ ಒಳ ಅಂಚನ್ನೂ ನೋಡಬೇಕು. ಅಸಲಿಯಲ್ಲಿ ಆ ಕಂಡಿಗಳನ್ನು ಉಳಿ ಅಚ್ಚಿನಿಂದ ಒಂದೇ ಏಟಿಗೆ ಕತ್ತರಿಸಿರುತ್ತಾರೆ. ನಕಲಿಯಲ್ಲಿ ಅರದಿಂದ ಉಜ್ಜಿದ ಗೀರು, ಇಲ್ಲವೇ ಕಂಡಿಯೇ ಮುಚ್ಚಿಹೋಗಿರುವುದು ಕಾಣುತ್ತದೆ.

ಟೋಪಿಗೆ ಸಿಕ್ಕಿಸುವ ಕೊಂಡಿಯೂ ಸಾಕ್ಷಿ ಹೇಳುತ್ತದೆ. ಬಟ್ಟೆಯೊಳಗೆ ತೂರಿಸಿ ಪಿನ್ನು ಹಾಕುವ ತಂತಿಯ ಬಳೆಗಳು ಮೊದಲಿನವು. ಉದ್ದನೆಯ ಪಟ್ಟಿಯಂಥ 'ಸ್ಲೈಡರ್' ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂತು. ಹೊಸದು ಬಂದ ಮೇಲೂ ಬಳೆಗಳು ಪೂರ್ತಿ ಹೋಗಲಿಲ್ಲವಾದ್ದರಿಂದ ಇದೊಂದರಿಂದಲೇ ತೀರ್ಪು ಕೊಡಬಾರದು. ಆದರೆ ಬೆಸುಗೆಯ ಸೀಸ ಅಂಟಂಟಾಗಿ ಹರಡಿದ್ದರೆ, ಬಿಲ್ಲೆ ನೂರು ವರ್ಷದ್ದಾಗಿ ಕೊಂಡಿ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅನುಮಾನಿಸಬೇಕು. ಯುದ್ಧದ ಅಭಾವವೂ ಗುರುತು ಬಿಟ್ಟಿದೆ. ಎರಡು ಲೋಹಗಳಲ್ಲಿ ಮಾಡುತ್ತಿದ್ದ ಅನೇಕ ಬ್ರಿಟಿಷ್ ಬಿಲ್ಲೆಗಳನ್ನು 1916ರಲ್ಲಿ ಉಳಿತಾಯಕ್ಕಾಗಿ ಬರೀ ಹಿತ್ತಾಳೆಯಲ್ಲಿ ಒತ್ತಿದರು. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಪ್ಲಾಸ್ಟಿಕ್ ಬಿಲ್ಲೆಗಳೇ ಬಂದವು. ಆಟಿಕೆಯೆಂದು ಎಸೆಯುವಂತೆ ಕಾಣುವ ಆ ಕಂದು ಬಿಲ್ಲೆಯನ್ನು ಧರಿಸಿ ಜನ ಯುದ್ಧಕ್ಕೆ ಹೋಗಿದ್ದಾರೆ.

ಸವೆತದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಪಾಯಿ, ಕಾನ್‌ಸ್ಟೇಬಲ್ ಇಬ್ಬರಿಗೂ ಬಿಲ್ಲೆ ತಿಕ್ಕುವುದು ನಿತ್ಯದ ಕೆಲಸ. ಬ್ರಾಸೋ ಹಾಕಿದ ಬಟ್ಟೆ ಮೊದಲು ತಾಗುವುದು ಉಬ್ಬಿದ ಕಡೆಗೆ: ಕಿರೀಟದ ನೆತ್ತಿ, ಆನೆಯ ಹಣೆ, ಹಕ್ಕಿಯ ಕೊಕ್ಕು. ಅಲ್ಲೆಲ್ಲ ನುಣುಪಾಗಿ ಸವೆದು, ಸಂದುಗಳಲ್ಲಿ ಒಣಗಿದ ಪಾಲಿಷ್ ಮತ್ತು ಕಿಲುಬು ಉಳಿಯುತ್ತದೆ. ಆಮ್ಲದಲ್ಲಿ ಅದ್ದಿ ಹಳತು ಮಾಡಿದ್ದರಲ್ಲಿ ಉಬ್ಬು ತಗ್ಗು ಎನ್ನದೆ ಎಲ್ಲೆಡೆ ಒಂದೇ ಸಮ ಕಪ್ಪು. ಕೈ ಮಾಡಿದ ಸವೆತಕ್ಕೂ ರಾಸಾಯನಿಕ ಮಾಡಿದ್ದಕ್ಕೂ ಇರುವ ಈ ಅಂತರ ಒಮ್ಮೆ ಕಣ್ಣಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಹೆಚ್ಚು ಕಷ್ಟ ಕೊಡುವುದು ಮರುಮುದ್ರಣಗಳು. ಹಳೆಯ ಅಸಲಿ ಅಚ್ಚನ್ನೇ ಬಳಸಿ ದಶಕಗಳ ನಂತರ ಒತ್ತಿದ ಬಿಲ್ಲೆಗಳಿವು. ಅಚ್ಚು ಸಾಚಾ, ಕಾಲ ಸುಳ್ಳು. ಬರ್ಮಿಂಗ್‌ಹ್ಯಾಮ್‌ನ ಜೆ.ಆರ್. ಗಾಂಟ್ ಹೆಸರಾಂತ ತಯಾರಕ ಸಂಸ್ಥೆ. ಆದರೆ ಆ ಹೆಸರು ಸ್ಲೈಡರ್ ಮೇಲಿದ್ದ ಮಾತ್ರಕ್ಕೆ ಬಿಲ್ಲೆ ಹಳೆಯದಾಗದು, ಮರುಮುದ್ರಣಗಳ ಮೇಲೂ ಅದೇ ಹೆಸರಿದೆ. ಕಿಪ್ಲಿಂಗ್ ಮತ್ತು ಕಿಂಗ್ ಎಂಬಿಬ್ಬರು ಬ್ರಿಟಿಷ್ ಸೇನೆಯ ಬಿಲ್ಲೆಗಳ ಬಗ್ಗೆ ಮಾಡಿದ ದೊಡ್ಡ ಗ್ರಂಥದ ಕ್ರಮಸಂಖ್ಯೆಗಳನ್ನು ಸಂಗ್ರಾಹಕರು ಇಂದಿಗೂ ಬಳಸುತ್ತಾರೆ. ಅಂಥ ಗ್ರಂಥ ಯಾವ ವಿನ್ಯಾಸ ಯಾವಾಗ ಇತ್ತೆಂದು ಹೇಳುತ್ತದೆ. ಕೈಯಲ್ಲಿರುವ ತುಂಡು ಆಗಿನದೇ ಎಂಬುದನ್ನು ನಾವೇ ನೋಡಿ ತೀರ್ಮಾನಿಸಬೇಕು.

ನಮ್ಮಲ್ಲಿ ಆಸೆ ಹುಟ್ಟಿಸುವುದು ಮೈಸೂರು ಅರಸರ ಲಾಂಛನದ ಹಕ್ಕಿ ಗಂಡಭೇರುಂಡ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಾಳಿಯಲ್ಲಿ ಜೋಧ್‌ಪುರದ ಅಶ್ವದಳದ ಜೊತೆಗಿದ್ದದ್ದು ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧ್‌ಪುರದ ಸವಾರರಿಗೆ ಸಂದ ಗೌರವ. ಇಷ್ಟು ದೊಡ್ಡ ಕಥೆಯ ತುಣುಕೊಂದು ಸಿಕ್ಕಿತೆಂದರೆ ಯಾರಿಗೆ ಮನಸ್ಸು ಕರಗದು? ಎಚ್ಚರ ಬೇಕಾಗುವುದೂ ಅಲ್ಲೇ. ಹೈಫಾದ ಹೆಸರು ಹೇಳಿದೊಡನೆ ಬೆಲೆ ಏರುತ್ತದೆ. ಹಕ್ಕಿಯ ಮೇಲೆ ಅಶೋಕನ ಸಿಂಹಗಳಿದ್ದರೆ ಅದು ಸ್ವಾತಂತ್ರ್ಯ ಬಂದ ನಂತರದ್ದು, ಮಹಾರಾಜರ ಕಾಲದ್ದಲ್ಲ. ಇಂದಿನ ರಾಜ್ಯ ಲಾಂಛನದಲ್ಲೂ ಗಂಡಭೇರುಂಡವೇ ಇರುವುದರಿಂದ ಹಕ್ಕಿಯೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ. ಪೊಲೀಸ್ ಬಿಲ್ಲೆಗಳಿಗೆ ಇನ್ನೂ ಸುಲಭದ ಪರೀಕ್ಷೆಯಿದೆ: ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. 'ಕರ್ನಾಟಕ' ಎಂದು ಕೆತ್ತಿರುವುದನ್ನು ಐವತ್ತರ ದಶಕದ್ದೆಂದು ಯಾರಾದರೂ ಹೇಳಿದರೆ ನಯವಾಗಿ ವಾಪಸು ಕೊಡಿ.

ಮನೆಯ ಟ್ರಂಕಿನಲ್ಲೇ ಸಿಕ್ಕ ಬಿಲ್ಲೆಯಾದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಕಿಲುಬು, ಆ ಒಣಗಿದ ಪಾಲಿಷ್ ಎಲ್ಲ ಸಾಕ್ಷ್ಯವೇ. ಎರಡೂ ಬದಿಯ ಫೋಟೊ ತೆಗೆದು, ಯಾರದ್ದು, ಯಾವ ಊರು, ಯಾವ ದಳ, ಯಾರು ಹೇಳಿದ್ದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಡಿಸ್ಚಾರ್ಜ್ ಪತ್ರವೋ ಸಮವಸ್ತ್ರದಲ್ಲಿರುವ ಹಳೆಯ ಫೋಟೊವೋ ಇದ್ದರೆ ಅದೂ ಅಲ್ಲೇ ಇರಲಿ. ಹೈಫಾ ಕಾಲದ ವಸ್ತುಗಳಿಗೆ ಈಗ ನೂರು ವರ್ಷ ದಾಟಿದೆ. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷವನ್ನೇ ಗೆರೆಯಾಗಿಟ್ಟಿರುವುದರಿಂದ, ಅಂಥದ್ದನ್ನು ವಿದೇಶಕ್ಕೆ ಕಳಿಸುವ ಮುನ್ನ ಪುರಾತತ್ತ್ವ ಇಲಾಖೆಯನ್ನು ವಿಚಾರಿಸಲೇಬೇಕು.

ಇನ್ನೊಂದು ಕೆಲಸ ಈಗಲೇ ಆಗಬೇಕಿದೆ. ನಮ್ಮ ರಾಜ್ಯದ ಕಾನ್‌ಸ್ಟೇಬಲ್‌ಗಳು ದಶಕಗಳ ಕಾಲ ಧರಿಸಿದ ಸ್ಲೋಚ್ ಹ್ಯಾಟ್ ಬದಲಿಗೆ 2025ರ ಅಕ್ಟೋಬರ್‌ನಲ್ಲಿ ಪೀಕ್ ಕ್ಯಾಪ್ ಬಂದಿದೆ. ಆ ಹ್ಯಾಟಿನ ಬಿಲ್ಲೆಗೂ ನಕಲಿಗಳು ಹುಟ್ಟುವ ದಿನ ದೂರವಿಲ್ಲ. ಅದನ್ನು ಧರಿಸಿ ಮಳೆ ಬಿಸಿಲಲ್ಲಿ ನಿಂತವರು ನಮ್ಮ ನಡುವೆಯೇ ಇದ್ದಾರೆ. ಅದಕ್ಕೆ ಯಾವ ಕೊಂಡಿ ಇತ್ತು, ಯಾವ ವರ್ಷದಲ್ಲಿ ಲೋಹ ಬದಲಾಯಿತು, ಯಾವ ಬದಿಗೆ ಸಿಕ್ಕಿಸುತ್ತಿದ್ದರು ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಬಹುದು.