ಟ್ಯಾಸಿಟಸ್‌ನ ಮಾತು ಎಷ್ಟು ನಂಬಲರ್ಹ?

ಕ್ರಿ.ಶ. 64ರಲ್ಲಿ ರೋಮ್ ನಗರ ಹೊತ್ತಿ ಉರಿಯಿತು. ಚಕ್ರವರ್ತಿ ನೀರೋ ಆ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿದನೆಂದೂ, ಕ್ರಿಸ್ತನಿಗೆ ಮರಣದಂಡನೆ ವಿಧಿಸಿದವನು ಪಿಲಾತನೆಂದೂ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಇದನ್ನು ನಂಬಬಹುದೇ ಎಂದು ನೀವು ಕೇಳಬಹುದು.

ಅವನು ಬರೆದದ್ದು ಸುಮಾರು 50 ವರ್ಷಗಳ ನಂತರ. ಈ ಭಾಗದ ಅತ್ಯಂತ ಹಳೆಯ ಹಸ್ತಪ್ರತಿ 11ನೇ ಶತಮಾನದ್ದು. ಆದರೆ ಇಲ್ಲಿ ಕ್ರೈಸ್ತರ ಬಗ್ಗೆ ಬರೀ ನಿಂದೆಯಿದೆ. ಕ್ರೈಸ್ತ ನಕಲುಗಾರರು ಸೇರಿಸಿದ್ದರೆ ಹೀಗಿರುತ್ತಿರಲಿಲ್ಲ. ಹಾಗಾಗಿ ಇದು ಅವನದೇ ಬರಹವೆಂದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಪಿಲಾತನನ್ನು ಅವನು 'ಪ್ರೊಕ್ಯುರೇಟರ್' ಎನ್ನುತ್ತಾನೆ. 1961ರಲ್ಲಿ ಸಿಸೇರಿಯಾದಲ್ಲಿ ದೊರೆತ ಶಾಸನದ ಪ್ರಕಾರ ಪಿಲಾತ 'ಪ್ರಿಫೆಕ್ಟ್'. ಹುದ್ದೆಯ ಹೆಸರನ್ನು ತಿದ್ದಿದ ಅದೇ ಕಲ್ಲು ಪಿಲಾತನ ಅಧಿಕಾರವನ್ನು ದೃಢಪಡಿಸಿತು.

ಇನ್ನೊಂದು ಎಚ್ಚರಿಕೆ: ಸುದ್ದಿಯ ಮೂಲವನ್ನು ಟ್ಯಾಸಿಟಸ್ ಹೇಳಿಲ್ಲ. ಕ್ರೈಸ್ತರ ಬಾಯಿಂದಲೇ ಕೇಳಿದ್ದರೆ ಅದು ಬೇರೊಂದು ಸಾಕ್ಷಿಯಾಗದು.